ವರ್ಕ್‌ಫ್ಲೋ ಇಂದ ಸ್ಕ್ರಿಪ್ಟ್‌ಗೆ ದೊಡ್ಡ ಡೇಟಾ ಕಳಿಸೋದು ಹೆಂಗೆ: ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅಂದಾಗ ಏನ್ಮಾಡ್ಬೇಕು

ಜೂನ್ ಮೊದಲ ವಾರ, ಸ್ಕೂಲ್ ಶುರುವಾಗೋ ಟೈಮು. ಒಬ್ರು ಪುಸ್ತಕದ ಸ್ಟಾಕಿಸ್ಟ್‌ಗೆ ನಾನು ಎನ್‌ಏಟ್‌ಎನ್‌ನಲ್ಲಿ (ಕೆಲಸಗಳನ್ನ ಸಾಲಾಗಿ ಜೋಡಿಸಿ ತಾನಾಗೇ ಓಡಿಸೋ ಟೂಲ್, ಆ ಜೋಡಣೆಗೇ ವರ್ಕ್‌ಫ್ಲೋ ಅನ್ನೋದು) ಒಂದು ವರ್ಕ್‌ಫ್ಲೋ ಮಾಡ್ಕೊಟ್ಟಿದ್ದೆ, ದಿನಾ ರಾತ್ರಿ ಆವತ್ತಿನ ಆರ್ಡರ್‌ನೆಲ್ಲ ಶೀಟಿಂದ ಎತ್ಕೊಂಡು ಒಂದು ಪೈಥಾನ್ ಸ್ಕ್ರಿಪ್ಟ್‌ಗೆ ಕೊಡತ್ತೆ, ಸ್ಕ್ರಿಪ್ಟು ಒಂದೇ ಫೋನ್ ನಂಬರಿನ ಆರ್ಡರ್‌ಗಳನ್ನ ಒಟ್ಟುಗೂಡಿಸಿ ಪಾರ್ಸಲ್ ಲಿಸ್ಟ್ ಮಾಡಿ ವಾಪಸ್ ಕೊಡತ್ತೆ, ಅಷ್ಟೇ ಕೆಲಸ. ದಿನಕ್ಕೆ 150, 200 ಆರ್ಡರ್ ಬರ್ತಿತ್ತು, ನಾಲ್ಕು ತಿಂಗಳು ಒಂದು ದಿನಾನೂ ತೊಂದರೆ ಕೊಡ್ಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಫೋನು: "ಏನಪ್ಪಾ, ಇವತ್ತು ಲಿಸ್ಟೇ ಬಂದಿಲ್ವಲ್ಲ, ಹುಡುಗ್ರು ಸುಮ್ನೆ ಕೂತವ್ರೆ ಇಲ್ಲಿ." ಹಿಂದಿನ ದಿನ 340 ಆರ್ಡರ್ ಬಂದಿತ್ತು. ಎರರ್ ನೋಡಿದ್ರೆ ಬರೀ ‘ಸ್ಪಾನ್ ಇ ಟೂ ಬಿಗ್’ ಅಂತ ಇತ್ತು, ಬೇರೆ ಏನೂ ಇಲ್ಲ. ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅನ್ನೋದರ ಚಿಕ್ಕ ರೂಪ ಅದು.

ಕೋಡು ಬದಲಾಗಿಲ್ಲ, ಸರ್ವರ್ ಅಪ್‌ಡೇಟ್ ಆಗಿಲ್ಲ, ಡೇಟಾ ಮಾತ್ರ ದಪ್ಪ ಆಗಿದೆ. ಈ ಥರ ಎರರ್ ಬಂದು ತಲೆ ಕೆರ್ಕೊಳ್ತಿರೋರಿಗೆ ಈ ಲೇಖನ. ಎನ್‌ಏಟ್‌ಎನ್ ಇಟ್ಕೊಂಡೇ ಹೇಳ್ತೀನಿ, ನಂಗೆ ಕೈಯಲ್ಲಿ ಪಳಗಿರೋದು ಅದೇ, ಆದ್ರೆ ಏರ್‌ಫ್ಲೋ, ಸ್ಟೆಪ್ ಫಂಕ್ಷನ್ಸ್, ಗಿಟ್‌ಹಬ್ ಆಕ್ಷನ್ಸ್ ಅಂತ ಇದೇ ಥರದ ಬೇರೆ ಟೂಲ್ ಏನೇ ಇದ್ರೂ ಕಾಯಿಲೆ ಒಂದೇ, ಔಷಧಿನೂ ಹೆಚ್ಚುಕಮ್ಮಿ ಒಂದೇ.

ಮೊದಲು, ತಡೀತಿರೋದು ಯಾರು ಅಂತ ತಿಳ್ಕೊಳ್ಳಿ

ತುಂಬಾ ಜನ ಎನ್‌ಏಟ್‌ಎನ್‌ನ ಬೈತಾರೆ, ನಾನೂ ಬೈದಿದ್ದೆ. ಆದ್ರೆ ಇಲ್ಲಿ ಬಾಗಿಲು ಹಾಕ್ತಿರೋದು ಲಿನಕ್ಸ್ ಕರ್ನಲ್ಲು, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಒಂದು ಪ್ರೋಗ್ರಾಮ್ ಇನ್ನೊಂದನ್ನ ಶುರು ಮಾಡುವಾಗ ಜೊತೆಗೆ ಕೊಡೋ ಆರ್ಗ್ಯುಮೆಂಟ್‌ಗಳಿಗೆ ಎರಡು ಮಿತಿ ಇದೆ. ಒಂದು ಒಟ್ಟು ಮಿತಿ, ಎಲ್ಲಾ ಆರ್ಗ್ಯುಮೆಂಟು ಪ್ಲಸ್ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಮ್‌ಗೆ ಹೊರಗಿಂದ ಸಿಗೋ ಸೆಟ್ಟಿಂಗ್‌ಗಳು) ಸೇರಿ ಸ್ಟ್ಯಾಕ್ (ಪ್ರೋಗ್ರಾಮ್‌ನ ಕೆಲಸದ ಮೆಮೊರಿ) ಮಿತಿಯ ಕಾಲು ಭಾಗ, ಮಾಮೂಲಿ 8 ಎಂಬಿ ಸ್ಟ್ಯಾಕ್ ಇದ್ರೆ 2 ಎಂಬಿ. ‘ಗೆಟ್‌ಕಾನ್ಫ್’ ಅಂತ ಒಂದು ಕಮ್ಯಾಂಡ್ ಇದೆ, ಅದ್ರಲ್ಲಿ ಆರ್ಗ್ ಮ್ಯಾಕ್ಸ್ ಕೇಳಿದ್ರೆ 2097152 ಅಂತ ತೋರ್ಸೋದು ಇದನ್ನೇ. ಆ ನಂಬರ್ ನೋಡ್ಬಿಟ್ಟು ‘ಇನ್ನೂ 20 ಲಕ್ಷ ಬೈಟ್ ಜಾಗ ಇದ್ಯಲ್ಲ, ನಂದು ಒಂದೂವರೆ ಲಕ್ಷಾನೇ’ ಅಂತ ನಾನು ಅರ್ಧ ಗಂಟೆ ಪರದಾಡಿದೆ.

ಎರಡನೇದು ಯಾರೂ ಹೇಳದೇ ಇರೋ ಮಿತಿ, ಒಂದೊಂದು ಆರ್ಗ್ಯುಮೆಂಟ್‌ಗೂ 131072 ಬೈಟು, ಅಂದ್ರೆ 128 ಕೆಬಿ. ಅದ್ರಲ್ಲೂ ಕೊನೇ ಬೈಟು ಸ್ಟ್ರಿಂಗ್ ಮುಗೀತು ಅಂತ ಹೇಳೋ ಸೊನ್ನೆಗೆ ಹೋಗತ್ತೆ, ನಮಗೆ ಸಿಗೋದು 131071. ಇದು ಪೇಜ್ ಸೈಜಿನ 32 ಪಟ್ಟು ಅಂತ ಕರ್ನಲ್ ಒಳಗೇ ಬರೆದಿಟ್ಟಿರೋ ಲೆಕ್ಕ. ಸ್ಟ್ಯಾಕ್ ಮಿತಿ ಜಾಸ್ತಿ ಮಾಡಿ, ‘ಯುಲಿಮಿಟ್’ ಹಾಕಿ ಅಂತ ಇಂಟರ್ನೆಟ್ ತುಂಬಾ ಸಲಹೆ ಸಿಗತ್ತಲ್ಲ, ಅದರಿಂದ ಮೊದಲನೇ ಮಿತಿ ಸ್ವಲ್ಪ ಏರತ್ತೆ, ಎರಡನೇದು ಒಂದು ಬೈಟೂ ಅಲ್ಲಾಡಲ್ಲ.

ಈಗ ಇದಕ್ಕೆ ಎನ್‌ಏಟ್‌ಎನ್ ಕಡೆಯಿಂದ ಒಂದು ತಿರುವು ಇದೆ, ಇದು ಗೊತ್ತಾಗೋಕೆ ನಂಗೆ ಎರಡು ಗಂಟೆ ಹಿಡೀತು. ವರ್ಕ್‌ಫ್ಲೋನ ಒಂದೊಂದು ಹಂತಕ್ಕೂ ನೋಡ್ ಅಂತಾರೆ. ಎಕ್ಸಿಕ್ಯೂಟ್ ಕಮ್ಯಾಂಡ್ ನೋಡ್ ನೀವು ಬರೆದ ಕಮ್ಯಾಂಡನ್ನ ಪೂರ್ತಿಯಾಗಿ, ಒಂದೇ ಸ್ಟ್ರಿಂಗ್ ಮಾಡಿ, ಶೆಲ್‌ಗೆ (ಕಮ್ಯಾಂಡ್ ಓಡಿಸೋ ಪ್ರೋಗ್ರಾಮ್) ಒಂದೇ ಆರ್ಗ್ಯುಮೆಂಟ್ ಆಗಿ ಕೊಡತ್ತೆ. ಅಂದ್ರೆ ನೀವು ಡೇಟಾನ ಐದು ತುಂಡು ಮಾಡಿ ಐದು ಆರ್ಗ್ಯುಮೆಂಟ್ ಆಗಿ ಹಾಕಿದ್ರೂ ಅಷ್ಟೇ, ಎಲ್ಲಾ ಸೇರಿ 128 ಕೆಬಿ ಒಳಗೇ ಇರ್ಬೇಕು. ‘ಎಕೋ’ ಮಾಡಿ ಪೈಪ್ ಹಾಕಿ ಸ್ಕ್ರಿಪ್ಟ್‌ಗೆ ಕೊಡೋಣ ಅಂತ ಹೋದ್ರೂ ಅಷ್ಟೇ. ಮಜಾ ಏನಂದ್ರೆ ಅದೇ ಎಕೋ ಲೈನು ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡತ್ತೆ, ಯಾಕಂದ್ರೆ ಎಕೋ ಶೆಲ್ ಒಳಗೇ ಇರೋ ಕಮ್ಯಾಂಡು, ಅಲ್ಲಿ ಹೊಸ ಪ್ರೋಗ್ರಾಮ್ ಶುರುವಾಗಲ್ಲ, ಮಿತಿ ಬರೋದೇ ಇಲ್ಲ. ಟರ್ಮಿನಲ್‌ನಲ್ಲಿ ಸರಿ, ವರ್ಕ್‌ಫ್ಲೋನಲ್ಲಿ ಫೇಲು. ನಂಗಂತೂ ಮಾಟ ಮಾಡ್ಸವ್ರೇನೋ ಅನ್ನಿಸಿಬಿಟ್ಟಿತ್ತು.

ಹೆಜ್ಜೆ 1: ಬೈಟ್ ಎಷ್ಟಿದೆ ಅಂತ ಅಳೀರಿ, ಅಕ್ಷರ ಎಣಿಸ್ಬೇಡಿ

ಕನ್ನಡ ಡೇಟಾ ಇಟ್ಕೊಂಡಿರೋರಿಗೆ ಇದು ಮುಖ್ಯ. ಅಕ್ಷರಗಳನ್ನ ಬೈಟ್ ಆಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು, ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ (ಕಂಪ್ಯೂಟರ್ ಬಿಡಿಯಾಗಿ ಎಣಿಸೋ ಗುರುತು) 3 ಬೈಟು. ‘ಬೆಂಗಳೂರು’ ತಗೊಳ್ಳಿ, ಕಣ್ಣಿಗೆ ಕಾಣೋದು 4 ಅಕ್ಷರ, ಒಳಗೆ ಕೊಂಬು ಏತ್ವ ಸೊನ್ನೆ ಎಲ್ಲಾ ಬಿಡಿಬಿಡಿಯಾಗಿ 8 ಕೋಡ್ ಪಾಯಿಂಟು, ಡಿಸ್ಕ್ ಮೇಲೆ 24 ಬೈಟು. ಅದೇ ಇಂಗ್ಲಿಷಲ್ಲಿ ಬರೆದ್ರೆ 9 ಬೈಟು. ಇನ್ನು ಪೈಥಾನ್‌ನಲ್ಲಿ ಡೇಟಾನ ಜೇಸನ್ ಅನ್ನೋ ಪಠ್ಯ ರೂಪಕ್ಕೆ ಬದಲಾಯಿಸೋ ಜೇಸನ್ ಡಂಪ್ಸ್ ಸುಮ್ನೆ ಹಂಗೇ ಬಳಸಿದ್ರೆ ಪ್ರತಿ ಕೋಡ್ ಪಾಯಿಂಟನ್ನೂ ಬ್ಯಾಕ್‌ಸ್ಲ್ಯಾಶ್ ಯು ಹಾಕಿ ನಾಲ್ಕು ಅಂಕಿಯಲ್ಲಿ ಬರೆಯತ್ತೆ, ತಲಾ 6 ಬೈಟು, ಬೆಂಗಳೂರು 48 ಬೈಟ್ ಆಯ್ತು! ಇಂಗ್ಲಿಷ್ ವಿಳಾಸ ಇಟ್ಕೊಂಡು ಟೆಸ್ಟ್ ಮಾಡಿದೋರಿಗೆ ಎಲ್ಲಾ ಸರಿ ಇರತ್ತೆ, ಕನ್ನಡ ವಿಳಾಸ ಬಂದ ದಿನ ಬೀಳತ್ತೆ.

ನಂದು ಲೆಕ್ಕ ಹಾಕಿದಾಗ ಒಂದು ಆರ್ಡರ್ ಸರಾಸರಿ 450 ಬೈಟ್ ಇತ್ತು, ಹೆಸರು ವಿಳಾಸ ಪುಸ್ತಕದ ಹೆಸರು ಎಲ್ಲಾ ಕನ್ನಡ. 131071ನ 450ರಿಂದ ಭಾಗಿಸಿದ್ರೆ 291. ಅಂದ್ರೆ 290 ಆರ್ಡರ್ ತನಕ ಓಕೆ, ಆಮೇಲೆ ಯಾವಾಗ ಬೇಕಾದ್ರೂ ಮಠ ಸೇರ್ಕೊಳ್ಳತ್ತೆ. ಆವತ್ತು 340 ಬಂದಿತ್ತು ಅಂದ್ನಲ್ಲ, ಅಲ್ಲಿಗೆ ಉತ್ತರ ಸಿಕ್ತು.

ಅಳೆಯೋಕೆ ಕೋಡ್ ನೋಡ್ ಬಳಸ್ತೀರಾದ್ರೆ ಹುಷಾರು, ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಬೈಟ್ ಹೇಳಲ್ಲ, ಬೆಂಗಳೂರಿಗೆ 8 ಅಂತಾನೇ ಹೇಳತ್ತೆ. ಬಫರ್‌ನ ಬೈಟ್‌ಲೆಂಗ್ತ್ ಫಂಕ್ಷನ್ ಬಳಸಿ, ಅದು 24 ಅನ್ನತ್ತೆ. ಅಷ್ಟೂ ಬೇಡ ಅಂದ್ರೆ ಡೇಟಾನ ಒಂದು ಫೈಲಿಗೆ ಸೇವ್ ಮಾಡಿ ಸೈಜ್ ನೋಡಿ, ಅದಕ್ಕಿಂತ ಸುಲಭ ಇಲ್ಲ.

ವಿಂಡೋಸ್‌ನಲ್ಲಿ ಓಡಿಸ್ತಿರೋರಿಗೆ ಮಿತಿ ಇನ್ನೂ ಚಿಕ್ಕದು, ಕಮ್ಯಾಂಡ್ ಪ್ರಾಂಪ್ಟ್ ಮೂಲಕ ಹೋದ್ರೆ 8191 ಅಕ್ಷರ, ನೇರವಾಗಿ ಪ್ರೋಸೆಸ್ ಶುರು ಮಾಡಿದ್ರೆ 32767. ಒಂದೇ ಸಮಾಧಾನ ಅಂದ್ರೆ ಅಲ್ಲಿ ಎಣಿಸೋದು ಬೈಟ್ ಅಲ್ಲ, 16 ಬಿಟ್ಟಿನ ಅಕ್ಷರ, ಕನ್ನಡಕ್ಕೆ ಮೂರು ಪಟ್ಟು ದಂಡ ಇಲ್ಲ.

ಹೆಜ್ಜೆ 2: ಡೇಟಾನ ಕಮ್ಯಾಂಡ್ ಲೈನಿಂದ ತೆಗೆದುಬಿಡಿ

ಹಿಟ್ಟಿನ ಗಿರಣಿಗೆ ಹೋಗಿರ್ತೀರಲ್ಲ. ರಾಗಿನ ಗಿರಣಿಯವನ ಕೈಗೆ ಬೊಗಸೆ ಬೊಗಸೆ ಸುರಿಯಲ್ಲ, ಡಬ್ಬಿ ಇಟ್ಟು ಹೆಸರಿನ ಚೀಟಿ ಹಾಕಿ ಬರ್ತೀರಿ, ಸಾಯಂಕಾಲ ಅದೇ ಡಬ್ಬಿಯಲ್ಲಿ ಹಿಟ್ಟು ಇರತ್ತೆ. ಸ್ಕ್ರಿಪ್ಟ್ ಜೊತೆನೂ ಅದೇ ವ್ಯವಹಾರ: ಡೇಟಾನ ಫೈಲಿಗೆ ಬರೀರಿ, ಕಮ್ಯಾಂಡ್‌ನಲ್ಲಿ ಫೈಲ್ ಎಲ್ಲಿದೆ ಅನ್ನೋದನ್ನ ಮಾತ್ರ ಕೊಡಿ. ಕಮ್ಯಾಂಡು ನೂರಿನ್ನೂರು ಬೈಟ್ ದಾಟಲ್ಲ, ಡೇಟಾ 1 ಕೆಬಿ ಇರ್ಲಿ 1 ಜಿಬಿ ಇರ್ಲಿ.

ಇದರಿಂದ ಇನ್ನೊಂದು ಲಾಭ ಇದೆ, ಸೈಜಿಗಿಂತ ಅದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಜೇಸನ್‌ನ ಸಿಂಗಲ್ ಕೋಟ್ ಒಳಗೆ ಹಾಕಿ ಕಮ್ಯಾಂಡ್‌ನಲ್ಲಿ ಕೂರಿಸ್ತೀರಿ ಅನ್ಕೊಳ್ಳಿ, ಮಂಗಳೂರು ಕಡೆಯಿಂದ ಒಬ್ರು ಡಿ'ಸೋಜ ಆರ್ಡರ್ ಮಾಡ್ತಾರೆ, ಆ ಹೆಸರಲ್ಲಿರೋ ಅಪಾಸ್ಟ್ರಫಿಗೇ ಕೋಟ್ ಮುರಿದು ಕಮ್ಯಾಂಡ್ ಚೂರಾಗತ್ತೆ. ಇದು ಬರೀ ಎರರ್ ಆದ್ರೆ ಪುಣ್ಯ, ಯಾರಾದ್ರೂ ತಲೆಹರಟೆ ವಿಳಾಸದ ಜಾಗದಲ್ಲಿ ಬೇಕಂತ್ಲೇ ಒಂದು ಡಿಲೀಟ್ ಕಮ್ಯಾಂಡ್ ಟೈಪ್ ಮಾಡಿದ್ರೆ ನಿಮ್ಮ ಸರ್ವರ್ ಅದನ್ನ ಪಾಲಿಸಿಬಿಡತ್ತೆ. ಹೊರಗಿನವರು ತುಂಬಿರೋ ಡೇಟಾನ ಕಮ್ಯಾಂಡ್ ಒಳಗೆ ಹಾಕ್ಲೇಬೇಡಿ, ಚಿಕ್ಕದಿದ್ರೂ ಹಾಕ್ಬೇಡಿ.

ಎನ್‌ಏಟ್‌ಎನ್‌ನಲ್ಲಿ ಜೋಡಿಸೋದು ಹಿಂಗೆ. ಮೊದಲು ಕನ್ವರ್ಟ್ ಟು ಫೈಲ್ ನೋಡ್ ಹಾಕಿ, ಅದರಲ್ಲಿ ಜೇಸನ್‌ಗೆ ಬದಲಾಯಿಸೋ ಆಯ್ಕೆ ಇದೆ, ಮೋಡ್ ಅನ್ನೋ ಕಡೆ ಎಲ್ಲಾ ಐಟಮ್ ಒಂದೇ ಫೈಲಿಗೆ ಅನ್ನೋದನ್ನ ಆರಿಸಿ, ಇಲ್ಲಾಂದ್ರೆ 340 ಆರ್ಡರ್‌ಗೆ 340 ಫೈಲ್ ಆಗತ್ತೆ. ಆಮೇಲೆ ರೀಡ್ ರೈಟ್ ಫೈಲ್ಸ್ ಫ್ರಮ್ ಡಿಸ್ಕ್ ನೋಡ್, ಅದರಲ್ಲಿ ರೈಟ್. ಫೈಲ್ ಹೆಸರು ಬರೆಯುವಾಗ ಸುಮ್ನೆ ‘ಆರ್ಡರ್ಸ್’ ಅಂತ ಇಡ್ಬೇಡಿ, ಎಕ್ಸಿಕ್ಯೂಶನ್ ಐಡಿ ಎಕ್ಸ್‌ಪ್ರೆಶನ್ ಆಗಿ ಸಿಗತ್ತಲ್ಲ, ಅದನ್ನ ಹೆಸರಿಗೆ ಅಂಟಿಸಿ. ಎರಡು ಸಲ ಒಟ್ಟೊಟ್ಟಿಗೆ ಓಡಿದ್ರೆ ಒಂದರ ಫೈಲ್ ಮೇಲೆ ಇನ್ನೊಂದು ಬರೆದು ಹಾಕತ್ತೆ, ಗಿರಣಿಯಲ್ಲಿ ಚೀಟಿ ಇಲ್ದಿರೋ ಡಬ್ಬಿ ಥರ, ಯಾರ ರಾಗಿ ಯಾರ ಮನೆಗೋ. ಮೂರನೇದು ಎಕ್ಸಿಕ್ಯೂಟ್ ಕಮ್ಯಾಂಡ್, ಅದರಲ್ಲಿ ಪೈಥಾನ್, ಸ್ಕ್ರಿಪ್ಟ್ ಜಾಗ, ಒಳಗೆ ಬರೋ ಫೈಲಿನ ಜಾಗ, ಹೊರಗೆ ಹೋಗೋ ಫೈಲಿನ ಜಾಗ, ಮುಗೀತು. ಕೊನೆಗೆ ಮತ್ತೆ ರೀಡ್, ಆಮೇಲೆ ಎಕ್ಸ್‌ಟ್ರಾಕ್ಟ್ ಫ್ರಮ್ ಫೈಲ್.

ಈ ಹಂತದಲ್ಲೇ ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಎನ್‌ಏಟ್‌ಎನ್ ಡಾಕರ್‌ನಲ್ಲಿ ಓಡ್ತಿದ್ರೆ ಕಮ್ಯಾಂಡ್ ಓಡೋದು ಕಂಟೇನರ್ (ಡಾಕರ್ ಕಟ್ಟೋ ಪ್ರತ್ಯೇಕ ಪೆಟ್ಟಿಗೆ) ಒಳಗೆ, ನಿಮ್ಮ ಸರ್ವರ್ ಮೇಲೆ ಅಲ್ಲ. ಸರ್ವರ್‌ನಲ್ಲಿ ಪೈಥಾನ್ ಇದೆ ಅಂತ ಕಂಟೇನರ್‌ನಲ್ಲೂ ಇರತ್ತೆ ಅನ್ಕೋಬೇಡಿ, ನಿಮಗೆ ಬೇಕಾದ ಲೈಬ್ರರಿ ಹಾಕಿ ನಿಮ್ಮದೇ ಇಮೇಜ್ ಕಟ್ಕೋಬೇಕಾಗತ್ತೆ. ಫೈಲ್ ಜಾಗಾನೂ ಕಂಟೇನರ್ ಒಳಗಿನ ಜಾಗಾನೇ, ವಾಲ್ಯೂಮ್ ಮೌಂಟ್ ಮಾಡ್ದಿದ್ರೆ ಕಂಟೇನರ್ ತೆಗೆದು ಹೊಸದು ಹಾಕಿದಾಗ ಫೈಲೂ ಮಾಯ. ಮೌಂಟ್ ಮಾಡಿದ ಫೋಲ್ಡರ್‌ನ ಮಾಲೀಕತ್ವ ನೋಡ್ಕೊಳ್ಳಿ, ಒಳಗಿರೋ ಬಳಕೆದಾರನ ನಂಬರ್ 1000, ನೀವು ರೂಟ್ ಆಗಿ ಫೋಲ್ಡರ್ ಮಾಡಿದ್ರೆ ಪರ್ಮಿಶನ್ ಡಿನೈಡ್ ಅಂತ ಬರತ್ತೆ.

ಎನ್‌ಏಟ್‌ಎನ್‌ನ 2.0 ಆವೃತ್ತಿಯಿಂದ ಎಕ್ಸಿಕ್ಯೂಟ್ ಕಮ್ಯಾಂಡ್ ನೋಡ್ ತಾನಾಗೇ ಆಫ್ ಇರತ್ತೆ, ಭದ್ರತೆಗೋಸ್ಕರ. ಬೇಕಾದ್ರೆ ನೋಡ್ಸ್ ಎಕ್ಸ್‌ಕ್ಲೂಡ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಖಾಲಿ ಪಟ್ಟಿ ಕೊಟ್ಟು ಆನ್ ಮಾಡ್ಕೋಬೇಕು. ಅದೇ ಆವೃತ್ತಿಯಿಂದ ಫೈಲ್ ಓದೋದು ಬರೆಯೋದೂ ಹೋಮ್ ಫೋಲ್ಡರ್ ಒಳಗಿರೋ ಒಂದು ನಿಗದಿತ ಫೋಲ್ಡರ್‌ಗೆ ಸೀಮಿತ, ಬೇರೆ ಕಡೆ ಬೇಕಂದ್ರೆ ಅದಕ್ಕೂ ಸೆಟ್ಟಿಂಗ್ ಇದೆ. ಇನ್ನು ಅವರದೇ ಕ್ಲೌಡ್ ಸರ್ವೀಸ್ ಬಳಸ್ತಿರೋರಿಗೆ ಈ ನೋಡೇ ಇಲ್ಲ, ಅಂಥವರು ಹೆಜ್ಜೆ 5ಕ್ಕೆ ಹೋಗಿ.

ಹೆಜ್ಜೆ 3: ಸ್ಕ್ರಿಪ್ಟ್ ಕಡೆ ರಿಪೇರಿ

ಸ್ಕ್ರಿಪ್ಟ್‌ನಲ್ಲಿ ಬದಲಾಯಿಸೋದು ಕಮ್ಮಿ, ಆದ್ರೆ ಒಂದೊಂದೂ ಬೇಕು. ಮೊದಲನೇ ಆರ್ಗ್ಯುಮೆಂಟು ಓದೋ ಫೈಲು, ಎರಡನೇದು ಬರೆಯೋ ಫೈಲು. ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೈಯಾರೆ ಬರೀರಿ, ಲಿನಕ್ಸ್‌ನಲ್ಲಿ ಬರೀದಿದ್ರೂ ನಡೆಯತ್ತೆ, ಆದ್ರೆ ಅದೇ ಸ್ಕ್ರಿಪ್ಟ್ ನಾಳೆ ಯಾರದ್ದೋ ವಿಂಡೋಸ್ ಲ್ಯಾಪ್‌ಟಾಪಲ್ಲಿ ಓಡಿದ ದಿನ ಕನ್ನಡ ಎಲ್ಲಾ ಕಲಸುಮೇಲೋಗರ. ಜೇಸನ್ ಬರೆಯುವಾಗ ‘ಎನ್‌ಶೂರ್ ಆಸ್ಕಿ’ ಅನ್ನೋದನ್ನ ಫಾಲ್ಸ್ ಮಾಡಿ, ಆಗ ಕನ್ನಡ ಕನ್ನಡವಾಗೇ ಬರೆಯತ್ತೆ, ಫೈಲಿನ ಕನ್ನಡ ಭಾಗ ಅರ್ಧಕ್ಕೆ ಇಳಿಯತ್ತೆ, ಮತ್ತೆ ತೆಗೆದು ನೋಡಿದ್ರೆ ಕಣ್ಣಿಗೆ ಓದೋಕಾದ್ರೂ ಆಗತ್ತೆ.

ಬರೆಯೋ ಫೈಲನ್ನ ನೇರವಾಗಿ ಕೊನೇ ಹೆಸರಿಗೆ ಬರೀಬೇಡಿ. ಮೊದಲು ತಾತ್ಕಾಲಿಕ ಹೆಸರಿಗೆ ಬರೆದು, ಪೂರ್ತಿ ಮುಗಿದ ಮೇಲೆ ರೀನೇಮ್ ಮಾಡಿ, ಪೈಥಾನ್‌ನಲ್ಲಿ ಓಎಸ್ ಮಾಡ್ಯೂಲಿನ ರಿಪ್ಲೇಸ್ ಇದೆ. ಒಂದೇ ಡಿಸ್ಕ್ ಮೇಲೆ ರೀನೇಮ್ ಅನ್ನೋದು ಒಂದೇಟಿಗೆ ಆಗೋ ಕೆಲಸ, ಅರ್ಧ ಆದ ಫೈಲನ್ನ ಇನ್ನೊಬ್ರು ಓದೋ ಪ್ರಮೇಯಾನೇ ಬರಲ್ಲ. ಬೇರೆ ಬೇರೆ ಡಿಸ್ಕ್ ಆದ್ರೆ ಈ ಗ್ಯಾರಂಟಿ ಇಲ್ಲ, ಅದಕ್ಕೆ ತಾತ್ಕಾಲಿಕ ಫೈಲೂ ಅದೇ ಫೋಲ್ಡರ್‌ನಲ್ಲಿರ್ಲಿ.

ಡೇಟಾ ನೂರಾರು ಎಂಬಿ ಇದ್ರೆ ಒಂದೇ ದೊಡ್ಡ ಜೇಸನ್ ಪಟ್ಟಿ ಬೇಡ, ಒಂದೊಂದು ಸಾಲಿಗೆ ಒಂದೊಂದು ರೆಕಾರ್ಡ್ ಹಾಕಿ, ಇದಕ್ಕೆ ಜೇಸನ್ ಲೈನ್ಸ್ ಅಂತಾರೆ, ಸ್ಕ್ರಿಪ್ಟು ಸಾಲು ಸಾಲಾಗಿ ಓದ್ಕೊಂಡು ಹೋಗತ್ತೆ, ಮೆಮೊರಿ ಉಬ್ಬಲ್ಲ. 1 ಜಿಬಿ ರ್ಯಾಮ್‌ನ ಚೀಪ್ ಸರ್ವರ್ ಇಟ್ಕೊಂಡಿರೋರಿಗೆ ಇದು ಬೇಕೇ ಬೇಕು. ನಂದು 340 ಆರ್ಡರ್ ಸೇರಿದ್ರೂ ಒಂದೂವರೆ ಲಕ್ಷ ಬೈಟಷ್ಟೇ, ನಂಗೆ ಬೇಕಾಗ್ಲಿಲ್ಲ.

ಹೆಜ್ಜೆ 4: ವಾಪಸ್ ಬರೋ ದಾರೀಲೂ ಒಂದು ಗೇಟ್ ಇದೆ

ಒಳಗೆ ಹೋಗೋದು ಸರಿಯಾಯ್ತು ಅಂತ ಖುಷಿಯಾಗಿ ಎದ್ದೆ, ಎರಡು ದಿನ ಬಿಟ್ಟು ಹೊಸ ಎರರ್, ‘ಸ್ಟ್ಯಾಂಡರ್ಡ್ ಔಟ್ ಮ್ಯಾಕ್ಸ್ ಬಫರ್ ಲೆಂಗ್ತ್ ಎಕ್ಸೀಡೆಡ್’. ಎನ್‌ಏಟ್‌ಎನ್ ಓಡೋದು ನೋಡ್ ಜೆಎಸ್ ಅನ್ನೋದರ ಮೇಲೆ. ನೋಡ್ ಜೆಎಸ್‌ನಲ್ಲಿ ಹಿಂಗೆ ಶೆಲ್ ಮೂಲಕ ಕಮ್ಯಾಂಡ್ ಓಡಿಸಿದ್ರೆ ಅದು ಪ್ರಿಂಟ್ ಮಾಡೋದನ್ನೆಲ್ಲ ಮೆಮೊರಿಯಲ್ಲಿ ಹಿಡ್ಕೊಳ್ಳತ್ತೆ, ಸೆಟ್ಟಿಂಗ್ ಏನೂ ಮುಟ್ಟದಿದ್ರೆ ಮಿತಿ 1 ಎಂಬಿ. ಹಳೇ ನೋಡ್ ಜೆಎಸ್ ಆವೃತ್ತಿಗಳಲ್ಲಿ ಬರೀ 200 ಕೆಬಿ ಇತ್ತು. ಮಿತಿ ದಾಟಿದ ತಕ್ಷಣ ಸ್ಕ್ರಿಪ್ಟ್‌ನ ಅಲ್ಲೇ ಕೊಂದು ಹಾಕತ್ತೆ, ಮಧ್ಯದಲ್ಲಿ ಏನು ಮಾಡ್ತಿತ್ತೋ ಅಲ್ಲಿಗೇ ನಿಲ್ಲತ್ತೆ.

ನಂದೇ ತಪ್ಪು. ಫೈಲಿಗೆ ಬರೆದಿದ್ದೆ ಸರಿ, ಆದ್ರೆ ಆಮೇಲೆ ಡೀಬಗ್‌ಗೆ ಅಂತ ಹಾಕಿದ್ದ ಪ್ರಿಂಟ್ ಲೈನ್ ಅಳಿಸೋದು ಮರೆತಿದ್ದೆ, ಅದೂ ಲೂಪ್ ಒಳಗೆ ಪ್ರತಿ ಸುತ್ತಿಗೂ ಇಡೀ ಪಟ್ಟಿಯನ್ನ ಪ್ರಿಂಟ್ ಮಾಡೋದು. ಆದ್ದರಿಂದ ಸ್ಕ್ರಿಪ್ಟು ಪ್ರಿಂಟ್ ಮಾಡ್ಬೇಕಾಗಿರೋದು ಕೊನೇಲಿ ಒಂದೇ ಒಂದು ಸಾಲು: ಬರೆದ ಫೈಲ್ ಎಲ್ಲಿದೆ, ಎಷ್ಟು ರೆಕಾರ್ಡ್ ಓದಿದೆ, ಎಷ್ಟು ಬರೆದೆ. ಬಾಕಿ ಮಾತೆಲ್ಲ ಲಾಗ್ ಫೈಲಿಗೆ. ಎರರ್ ಸ್ಟ್ರೀಮ್‌ಗೆ ಕಳಿಸಿದ್ರೆ ತಪ್ಪಿಸ್ಕೋಬಹುದು ಅಂತ ಕೆಲವ್ರು ಅನ್ಕೋತಾರೆ, ಅದಕ್ಕೂ ಅದೇ ಮಿತಿ ಇದೆ.

ಆ ಎಣಿಕೆಯ ಸಾಲನ್ನ ಸುಮ್ನೆ ಅಲಂಕಾರಕ್ಕೆ ಇಡ್ಬೇಡಿ. ಮುಂದಿನ ನೋಡ್‌ನಲ್ಲಿ ಒಂದು ಇಫ್ ಹಾಕಿ, ಶೀಟಿಂದ ಬಂದ ಆರ್ಡರ್ ಸಂಖ್ಯೆಯೂ ಸ್ಕ್ರಿಪ್ಟ್ ಓದಿದ ಸಂಖ್ಯೆಯೂ ಒಂದೇನಾ ಅಂತ ನೋಡಿ, ಬೇರೆ ಇದ್ರೆ ನಿಲ್ಲಿಸಿ ನಿಮಗೆ ಮೆಸೇಜ್ ಬರೋ ಹಾಗೆ ಮಾಡಿ. ಸ್ಕ್ರಿಪ್ಟ್‌ನಲ್ಲಿ ಏನಾದ್ರೂ ಎಡವಟ್ಟಾದ್ರೆ ಸೊನ್ನೆ ಅಲ್ಲದ ಎಕ್ಸಿಟ್ ಕೋಡ್ ಕೊಡಿ, ಎಲ್ಲಾ ಎರರನ್ನೂ ಹಿಡಿದು ನುಂಗಿಕೊಂಡು ‘ಓಕೆ’ ಅನ್ನೋ ಸ್ಕ್ರಿಪ್ಟ್‌ಗಿಂತ ಕೆಟ್ಟದ್ದು ಬೇರೆ ಇಲ್ಲ.

ನಿಮ್ಮದೇ ಪೈಥಾನ್ ಪ್ರೋಗ್ರಾಮ್‌ನಿಂದ ಇನ್ನೊಂದು ಪ್ರೋಗ್ರಾಮ್‌ನ ಕರೀತಿದ್ರೆ ಫೈಲ್ ಬದಲು ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಕಳಿಸ್ಬಹುದು, ಅಲ್ಲಿ 128 ಕೆಬಿ ಕಾಟ ಇಲ್ಲ. ಆದ್ರೆ ಲಿನಕ್ಸ್ ಪೈಪ್ ಮಾಮೂಲಿಯಾಗಿ ಹಿಡಿಯೋದು 64 ಕೆಬಿ. ನೀವು ಬರೀತಾನೇ ಇದ್ದೀರಿ, ಆ ಕಡೆಯವನೂ ಉತ್ತರ ಬರೀತಿದ್ದಾನೆ, ಅವನ ಪೈಪ್ ತುಂಬಿತು, ನೀವು ಓದ್ತಿಲ್ಲ, ಅವನು ನಿಂತ, ಅವನು ನಿಂತಿದ್ದಕ್ಕೆ ನಿಮ್ಮ ಪೈಪೂ ತುಂಬಿ ನೀವೂ ನಿಂತ್ರಿ. ಸಣ್ಣ ಸಂದಿಯಲ್ಲಿ ಎದುರುಬದುರು ಬಂದ ಎರಡು ಆಟೋ ಥರ, ಎರರೂ ಇಲ್ಲ ಏನೂ ಇಲ್ಲ, ಸುಮ್ನೆ ಗಂಟೆಗಟ್ಟಲೆ ನಿಂತಿರತ್ತೆ. ಸಬ್‌ಪ್ರೋಸೆಸ್ ಮಾಡ್ಯೂಲಿನ ಕಮ್ಯುನಿಕೇಟ್ ಬಳಸಿದ್ರೆ ಎರಡೂ ಕಡೆ ಅದೇ ನೋಡ್ಕೊಳ್ಳತ್ತೆ.

ತುಂಡು ಮಾಡಿ ಕಳಿಸೋಣ ಅನ್ನೋರಿಗೆ

ಲೂಪ್ ಓವರ್ ಐಟಮ್ಸ್ ಹಾಕಿ 100, 100 ಆರ್ಡರ್ ಕಳಿಸಿದ್ರಾಯ್ತಲ್ಲ ಅಂತ ನಾನೂ ಫೈಲಿಗಿಂತ ಮೊದಲು ಮಾಡಿದ್ದು ಇದನ್ನೇ, ಆವತ್ತಿನ ಲಿಸ್ಟ್ ಬೇಗ ಕೊಡ್ಬೇಕಿತ್ತು. ಓಡ್ತು ಕೂಡ. ಮಾರನೇ ದಿನ ಮತ್ತೆ ಫೋನು, ಒಂದೇ ಮನೆಗೆ ಎರಡು ಪಾರ್ಸಲ್ ಹೋಗಿದೆ, ಕೊರಿಯರ್ ಚಾರ್ಜ್ ಎರಡು ಸಲ. ಯಾಕಂದ್ರೆ ಒಂದೇ ಫೋನ್ ನಂಬರಿನ ಒಂದು ಆರ್ಡರ್ ಮೊದಲನೇ ತುಂಡಲ್ಲಿತ್ತು, ಇನ್ನೊಂದು ಮೂರನೇ ತುಂಡಲ್ಲಿ, ಸ್ಕ್ರಿಪ್ಟ್‌ಗೆ ಅವು ಒಟ್ಟಿಗೆ ಕಾಣಿಸ್ಲೇ ಇಲ್ಲ. ಒಂದೊಂದು ರೆಕಾರ್ಡ್‌ನೂ ಬಿಡಿಬಿಡಿಯಾಗಿ ಸಂಸ್ಕರಿಸೋ ಕೆಲಸಕ್ಕೆ, ಉದಾಹರಣೆಗೆ ಪ್ರತಿ ವಿಳಾಸದ ಪಿನ್‌ಕೋಡ್ ಪರೀಕ್ಷೆ ಮಾಡೋದಕ್ಕೆ, ತುಂಡು ಮಾಡೋದು ಧಾರಾಳವಾಗಿ ನಡೆಯತ್ತೆ. ಒಟ್ಟು ಮಾಡೋದು, ಡೂಪ್ಲಿಕೇಟ್ ತೆಗೆಯೋದು, ಸಾಲಾಗಿ ಜೋಡಿಸೋದು ಇದ್ರೆ ಬೇಡ.

ಕಂಪ್ರೆಸ್ ಮಾಡಿ ಬೇಸ್64 ಮಾಡಿ ಆರ್ಗ್ಯುಮೆಂಟ್‌ನಲ್ಲೇ ತುರುಕೋರೂ ಇದ್ದಾರೆ. ಕನ್ನಡ ಪಠ್ಯ ಚೆನ್ನಾಗೇ ಕಂಪ್ರೆಸ್ ಆಗತ್ತೆ, ಪ್ರತಿ ಮೂರು ಬೈಟ್‌ನಲ್ಲಿ ಮೊದಲನೇದು ಯಾವಾಗ್ಲೂ ಒಂದೇ, ಎರಡನೇದು ಎರಡೇ ಥರ ಇರತ್ತೆ. ಆದ್ರೆ ಬೇಸ್64 ಮತ್ತೆ ಮೂರನೇ ಒಂದು ಭಾಗ ಊದಿಸತ್ತೆ, ಮತ್ತೆ ಇದು ಮಿತಿನ ಒಂದಷ್ಟು ತಿಂಗಳು ಮುಂದಕ್ಕೆ ಹಾಕತ್ತೆ ಅಷ್ಟೇ, ಮುಂದಿನ ಜೂನ್‌ಗೆ ಮತ್ತೆ ಅದೇ ಫೋನು.

ಹೆಜ್ಜೆ 5: ಫೈಲ್ ಹಂಚ್ಕೊಳ್ಳೋಕೆ ಆಗ್ದೇ ಇದ್ರೆ

ವರ್ಕ್‌ಫ್ಲೋ ಒಂದು ಕಡೆ, ಸ್ಕ್ರಿಪ್ಟ್ ಇನ್ನೊಂದು ಮಷೀನಲ್ಲಿ ಇದ್ರೆ ಸ್ಕ್ರಿಪ್ಟ್‌ಗೆ ಒಂದು ಪುಟ್ಟ ವೆಬ್ ಸರ್ವರ್ ಕಟ್ಟಿ, ಫ್ಲಾಸ್ಕ್ ಅಥವಾ ಫಾಸ್ಟ್‌ಎಪಿಐನಲ್ಲಿ ಇಪ್ಪತ್ತು ಸಾಲು, ಎಚ್‌ಟಿಟಿಪಿ ರಿಕ್ವೆಸ್ಟ್ ನೋಡಿಂದ ಪೋಸ್ಟ್ ಮಾಡಿ. ಹೊರಗಿನ ಮಷೀನ್ ಆದ್ರೆ ಪಾಸ್‌ವರ್ಡೋ ಟೋಕನ್ನೋ ಏನಾದ್ರೂ ಇಡಿ, ಬಾಗಿಲು ತೆರೆದಿಟ್ಟು ಬರ್ಬೇಡಿ. ಇಲ್ಲೂ ಗೇಟ್ ಇದೆ: ಮುಂದೆ ಎಂಜಿನ್‌ಎಕ್ಸ್ (ರಿಕ್ವೆಸ್ಟ್‌ಗಳನ್ನ ಮೊದಲು ತಗೊಳ್ಳೋ ವೆಬ್ ಸರ್ವರ್) ಇಟ್ಟಿದ್ರೆ ಅದು ಹೇಳ್ದೇ ಕೇಳ್ದೇ 1 ಎಂಬಿಗಿಂತ ದೊಡ್ಡದನ್ನ 413 ಅಂತ ವಾಪಸ್ ಕಳಿಸತ್ತೆ, ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಅನ್ನೋದನ್ನ ಏರಿಸ್ಬೇಕು. ಉತ್ತರವನ್ನ ಎನ್‌ಏಟ್‌ಎನ್‌ನ ವೆಬ್‌ಹುಕ್‌ಗೆ ಕಳಿಸ್ತೀರಾದ್ರೆ ಅಲ್ಲಿ ಮಿತಿ 16 ಎಂಬಿ, ಅದನ್ನೂ ಸೆಟ್ಟಿಂಗ್‌ನಲ್ಲಿ ಬದಲಾಯಿಸ್ಬಹುದು.

ಡೇಟಾ ಇನ್ನೂ ದೊಡ್ಡದಾದ್ರೆ ಅಮೆಜಾನ್‌ನ ಎಸ್3 ಥರದ ಆನ್‌ಲೈನ್ ಸ್ಟೋರೇಜ್‌ನಲ್ಲಿ ಇಟ್ಟು ಅದರ ಕೀ (ಅಲ್ಲಿ ಫೈಲಿಗಿರೋ ಹೆಸರು) ಮಾತ್ರ ಕಳಿಸಿ. ಮತ್ತೆ ಅದೇ ಗಿರಣಿ ಚೀಟಿ, ಡಬ್ಬಿ ಮಾತ್ರ ಪಕ್ಕದೂರಲ್ಲಿ. ಅಮೆಜಾನ್‌ನ ಸ್ಟೆಪ್ ಫಂಕ್ಷನ್ಸ್‌ನಲ್ಲಿ ಇದು ಬಿಟ್ಟು ದಾರಿನೇ ಇಲ್ಲ ಅನ್ನಬಹುದು, ಒಂದು ಹಂತದಿಂದ ಇನ್ನೊಂದಕ್ಕೆ 256 ಕೆಬಿ ಅಷ್ಟೇ ದಾಟೋದು, ಕಾದು ಉತ್ತರ ತಗೊಳ್ಳೋ ಲ್ಯಾಂಬ್ಡಾ (ಅಮೆಜಾನ್‌ನಲ್ಲಿ ಕೋಡ್ ಓಡಿಸೋ ಸೇವೆ) ಕರೆಗೆ 6 ಎಂಬಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಜಾಬ್‌ನ ಔಟ್‌ಪುಟ್ 1 ಎಂಬಿ, ಅಲ್ಲಿ ಆರ್ಟಿಫ್ಯಾಕ್ಟ್ ಆಗಿ ಅಪ್‌ಲೋಡ್ ಮಾಡಿ ಮುಂದಿನ ಜಾಬ್‌ನಲ್ಲಿ ಇಳಿಸ್ಕೊಳ್ಳಿ. ಏರ್‌ಫ್ಲೋ ಬಳಸೋರು ಒಂದು ನೆನಪಿಟ್ಕೊಳ್ಳಿ, ಬ್ಯಾಶ್ ಆಪರೇಟರ್ ಮುಂದಕ್ಕೆ ಕಳಿಸೋದು ಔಟ್‌ಪುಟ್‌ನ ಕೊನೇ ಸಾಲು ಮಾತ್ರ, ಮತ್ತೆ ಹಂತಗಳ ಮಧ್ಯೆ ಡೇಟಾ ದಾಟಿಸೋ ಎಕ್ಸ್‌ಕಾಮ್ ಹೋಗಿ ಕೂರೋದು ಡೇಟಾಬೇಸ್‌ನಲ್ಲಿ, ಅದು ಗೋಡೌನ್ ಅಲ್ಲ. ಕೊನೇ ಸಾಲಲ್ಲಿ ಫೈಲ್ ಜಾಗ ಪ್ರಿಂಟ್ ಮಾಡಿದ್ರೆ ಆ ಗುಣಾನೇ ಉಪಯೋಗಕ್ಕೆ ಬರತ್ತೆ. ಡೇಟಾನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಹಾಕಿ ಜಾಣತನ ತೋರ್ಸೋಕೆ ಹೋಗ್ಬೇಡಿ, ಆ 128 ಕೆಬಿ ಮಿತಿ ಅವಕ್ಕೂ ಇದೆ.

ಎನ್‌ಏಟ್‌ಎನ್‌ನ ಕ್ಯೂ ಮೋಡಲ್ಲಿ, ಅಂದ್ರೆ ಕೆಲಸನ ಹಂಚ್ಕೊಂಡು ಓಡಿಸೋ ವ್ಯವಸ್ಥೆಯಲ್ಲಿ, ಎರಡು ಮೂರು ಮಷೀನಲ್ಲಿ ವರ್ಕರ್ ಇಟ್ಟಿರೋರು ಫೈಲ್ ಬರೆದ ಮೇಲೆ ವೇಟ್ ನೋಡ್ ಹಾಕಿದ್ರೆ ಹುಷಾರು. ಕಾಯೋದು ಉದ್ದ ಆದ್ರೆ ಮುಂದಿನ ಭಾಗ ಬೇರೆ ವರ್ಕರ್‌ನಲ್ಲಿ ಓಡ್ಬಹುದು, ಅಲ್ಲಿ ನಿಮ್ಮ ಫೈಲ್ ಇರಲ್ಲ. ಎಲ್ಲಾ ಮಷೀನ್‌ಗೂ ಕಾಣೋ ಫೋಲ್ಡರ್ ಅಥವಾ ಎಸ್3 ಬೇಕು.

ಹೆಜ್ಜೆ 6: ಬೇಕಂತ್ಲೇ ದೊಡ್ಡ ಡೇಟಾ ಕೊಟ್ಟು ನೋಡಿ, ಆಮೇಲೆ ಕಸ ತೆಗೀರಿ

ಟೆಸ್ಟ್‌ಗೆ ಇರೋ ಆರ್ಡರ್‌ಗಳನ್ನೇ ಹತ್ತು ಪಟ್ಟು ನಕಲು ಮಾಡಿ ಓಡಿಸಿ. ಅದರಲ್ಲಿ ಒಂದು ಡಿ'ಸೋಜ ಇರ್ಲಿ, ವಿಳಾಸದ ಮಧ್ಯೆ ಎಂಟರ್ ಒತ್ತಿರೋ ಒಂದು ಸಾಲಿರ್ಲಿ, ಪೂರ್ತಿ ಕನ್ನಡದ್ದೊಂದಿರ್ಲಿ, ಖಾಲಿ ವಿಳಾಸದ್ದೂ ಒಂದಿರ್ಲಿ. ಆರ್ಡರೇ ಇಲ್ಲದ ದಿನದ್ದೂ ನೋಡಿ, ಖಾಲಿ ಡೇಟಾ ಬಂದ್ರೆ ಕನ್ವರ್ಟ್ ನೋಡ್ ಓಡೋದೇ ಇಲ್ಲ, ಫೈಲೂ ಆಗಲ್ಲ.

ಕಸದ ವಿಷಯ ನಾನು ಮರೆತಿದ್ದೆ. ದಿನಕ್ಕೆ ಎರಡೇ ಫೈಲು, ಅದೇನು ಮಹಾ ಅಂತ. ಆದ್ರೆ ಆಮೇಲೆ ಅವರು ಅದೇ ವರ್ಕ್‌ಫ್ಲೋನ ಹದಿನೈದು ನಿಮಿಷಕ್ಕೊಂದ್ಸಲ ಓಡೋ ಹಾಗೆ ಮಾಡಿಸ್ಕೊಂಡ್ರು, ಜೊತೆಗೆ ಪುಸ್ತಕದ ಫೋಟೋನೂ ಸೇರಿಸಿದ್ರು, ದೀಪಾವಳಿ ಹೊತ್ತಿಗೆ ಡಿಸ್ಕ್ ಫುಲ್. ಡಿಸ್ಕ್ ತುಂಬಿದ ಮೇಲೆ ವರ್ಕ್‌ಫ್ಲೋ ಅಷ್ಟೇ ಅಲ್ಲ, ಡೇಟಾಬೇಸೂ ಬರೆಯೋಕಾಗದೆ ನಿಂತ್ಕೊಳ್ತು. ಈಗ ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗೇ ಓಡೋ ಕೆಲಸ) ಇದೆ, ಆ ಫೋಲ್ಡರ್‌ನಲ್ಲಿ ಮೂರು ದಿನಕ್ಕಿಂತ ಹಳೇದನ್ನ ‘ಫೈಂಡ್’ ಕಮ್ಯಾಂಡಿಂದ ಹುಡುಕಿ ಅಳಿಸತ್ತೆ. ಕೆಲಸ ಮುಗಿದ ತಕ್ಷಣ ಅಳಿಸ್ಬೇಡಿ, ಏನಾದ್ರೂ ತಪ್ಪಾದ್ರೆ ನೋಡೋಕೆ ಆ ಫೈಲೇ ಆಧಾರ, ಮೂರು ದಿನ ಇರ್ಲಿ. ಆ ಮೂರು ದಿನ ಅದರಲ್ಲಿ ಜನರ ಹೆಸರು, ಫೋನ್ ನಂಬರ್, ಮನೆ ವಿಳಾಸ ಎಲ್ಲಾ ಇರತ್ತೆ ಅನ್ನೋದೂ ಗಮನದಲ್ಲಿರ್ಲಿ, ಫೈಲ್ ಪರ್ಮಿಶನ್ 600 ಇಡಿ, ವೆಬ್ ಸರ್ವರ್ ಹಂಚೋ ಫೋಲ್ಡರ್ ಒಳಗಂತೂ ಅಪ್ಪಿತಪ್ಪಿಯೂ ಇಡ್ಬೇಡಿ.